ಕಂತು ಎಲ್ಲಿಂದ ಬರುತ್ತೆ?

ಅವಳು ಮಹಿಳಾ ಸಂಘಗಳ ಒಕ್ಕೂಟವೊಂದರಲ್ಲಿ ಬಹಳ ಕಾಲದಿಂದ ಲೆಕ್ಕ ಬರೆಯುತ್ತಿರುವವಳು. ಅವನು ಅವಳ ಅಕ್ಕನ ಮಗ. ಮೈಕ್ರೋಫೈನಾನ್ಸ್ ಕಂಪನಿಯೊಂದಕ್ಕೆ ಫೀಲ್ಡ್ ಆಫೀಸರ್ ಆಗಿ ಸೇರಿ ಈಗ ಬ್ರ್ಯಾಂಚ್ ಮ್ಯಾನೇಜರ್ ಆಗಿದ್ದಾನೆ. ನಂಜನಗೂಡು ಕಡೆಯ ಹೋಬಳಿಯೊಂದರಲ್ಲಿ ಹೊಸ ಬ್ರ್ಯಾಂಚ್ ತೆರೆಯುವ ಕೆಲಸ ಅವನ ಪಾಲಿಗೆ ಬಂದಿದೆ. ಸಾಲ ಕೊಡುವ ಕಡೆಯವರು ಮತ್ತು ತೆಗೆದುಕೊಳ್ಳುವ ಕಡೆಯವರು ಒಬ್ಬರನ್ನೊಬ್ಬರು ನಂಬಿ, ಲೆಕ್ಕ ಬಿಚ್ಚಿಟ್ಟು ಮಾತಾಡುವುದು ಅಪರೂಪ. ಅದಕ್ಕೇ ಇವರ ಮಾತನ್ನು ಹೆಚ್ಚು ತಿದ್ದದೆ ಇಲ್ಲಿ ಕೊಡುತ್ತಿದ್ದೇನೆ.

ಮಗ: ಚಿಕ್ಕಮ್ಮ, ನಿಮ್ಮ ಒಕ್ಕೂಟದಲ್ಲಿ ಯಾವ ಯಾವ ಸಂಘ ಇವೆ, ಯಾವ ಬೀದೀಲಿ ಯಾರು ಮುಂದಾಳು, ಆ ಪಟ್ಟಿ ಒಂದು ಕೊಟ್ಟರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ವರ್ಷವೇ ಸಾವಿರದ ಇನ್ನೂರು ಮನೆ ಆಗಬೇಕು ಅಂದಿದ್ದಾರೆ.

ಚಿಕ್ಕಮ್ಮ: ಪಟ್ಟಿ ವಿಷಯ ಆಮೇಲೆ ಮಾತಾಡೋಣ. ಸಾವಿರದ ಇನ್ನೂರು ಅನ್ನೋ ಲೆಕ್ಕ ಹೇಗೆ ಬಂತು, ಅದನ್ನ ಹೇಳು.

ಮಗ: ಬ್ರ್ಯಾಂಚ್ ಅಂದಮೇಲೆ ಬಾಡಿಗೆ, ಐದಾರು ಜನರ ಸಂಬಳ, ಪೆಟ್ರೋಲು ಇರುತ್ತಲ್ಲ. ನಾವೂ ಬ್ಯಾಂಕಿಂದ ಸಾಲ ತಂದೇ ಸಾಲ ಕೊಡೋದು, ಅದರ ಬಡ್ಡಿ ಬೇರೆ. ಇದೆಲ್ಲ ತೂಗಬೇಕಾದರೆ ಇಷ್ಟು ಮನೆಗೆ ಸಾಲ ಹೋಗಿರಬೇಕು ಅಂತ ಹೆಡ್ ಆಫೀಸಲ್ಲಿ ಲೆಕ್ಕ ಹಾಕ್ತಾರೆ.

ಚಿಕ್ಕಮ್ಮ: ಅಂದರೆ ನಿಮ್ಮ ಖರ್ಚಿನಿಂದ ಲೆಕ್ಕ ಶುರುವಾಗಿದೆ. ಈ ಹೋಬಳಿಯ ಮನೆಗಳಲ್ಲಿ ಎಷ್ಟು ದುಡ್ಡು ಹುಟ್ಟುತ್ತೆ, ಅದರಲ್ಲಿ ಇನ್ನೂ ಎಷ್ಟು ಕಂತಿಗೆ ಜಾಗ ಇದೆ ಅಂತ ಯಾರೂ ಕೇಳಿಲ್ಲ. ನನ್ನ ತಕರಾರು ಅಲ್ಲಿಂದಲೇ ಶುರು ಕಣಪ್ಪ.

ಮಗ: ನೀನೂ ಟೀವಿಯವರ ಹಾಗೆ ಮಾತಾಡಬೇಡ. ನಾವು ಬರದೇ ಹೋದರೆ ಈ ಹೆಂಗಸರು ಎಲ್ಲಿಗೆ ಹೋಗ್ತಾರೆ? ಲೆಕ್ಕ ನೀನೇ ಹಾಕು. ನಲವತ್ತು ಸಾವಿರ ಸಾಲ, ಎರಡು ವರ್ಷ, ವರ್ಷಕ್ಕೆ ಶೇಕಡ 24, ಇಳಿಯೋ ಅಸಲಿನ ಮೇಲೆ ಬಡ್ಡಿ. ತಿಂಗಳ ಕಂತು 2,115 ರೂಪಾಯಿ. ಇಪ್ಪತ್ನಾಲ್ಕು ಕಂತು ಕಟ್ಟಿದರೆ ಅಸಲು, ಬಡ್ಡಿ ಎರಡೂ ತೀರಿತು. ಬಡ್ಡಿ ಅಂತ ಹೋಗೋದು ಹತ್ತು ಸಾವಿರದ ಏಳುನೂರು ಚಿಲ್ಲರೆ. ಅದೇ ನಲವತ್ತು ಸಾವಿರ ಕೈಸಾಲ ತಂದರೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ. ತಿಂಗಳಿಗೆ ಎರಡು ಸಾವಿರ ಕಟ್ಟಬೇಕು, ಅಸಲಲ್ಲಿ ಒಂದು ರೂಪಾಯಿ ಇಳಿಯಲ್ಲ. ಎರಡು ವರ್ಷಕ್ಕೆ ನಲವತ್ತೆಂಟು ಸಾವಿರ ಬರೀ ಬಡ್ಡಿ ಕಟ್ಟಿ, ನಲವತ್ತು ಸಾವಿರ ಹಾಗೇ ತಲೆ ಮೇಲೆ.

ಚಿಕ್ಕಮ್ಮ: ಇದನ್ನ ನಾನು ಒಪ್ತೀನಿ. ಒಪ್ಪೋದು ಏನು, ನಾನೇ ಮೀಟಿಂಗಲ್ಲಿ ಹೇಳ್ತೀನಿ. ಆದರೆ ನಿಮ್ಮ ಹುಡುಗರು ಕೆಲವರು ಬಂದು "ಬಡ್ಡಿ ಹದಿಮೂರುವರೆ ಅಷ್ಟೇ ಅಕ್ಕ" ಅಂತಾರಲ್ಲ, ಅದು ಏನು?

ಮಗ: ಅದು ತಪ್ಪು. ಹತ್ತು ಸಾವಿರದ ಏಳುನೂರನ್ನ ಇಡೀ ನಲವತ್ತು ಸಾವಿರದ ಮೇಲೆ ಎರಡು ವರ್ಷಕ್ಕೆ ಹಂಚಿದರೆ ಹಾಗೆ ಕಾಣುತ್ತೆ. ಅಸಲು ತಿಂಗಳು ತಿಂಗಳು ಇಳಿಯೋದನ್ನ ಬಿಟ್ಟು ಹೇಳೋ ಲೆಕ್ಕ. ಈಗ ರಿಸರ್ವ್ ಬ್ಯಾಂಕ್ ನಿಯಮ ಇದೆ. ಬಡ್ಡಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಸೇರಿಸಿ ವರ್ಷಕ್ಕೆ ಒಟ್ಟು ಎಷ್ಟು ಬೀಳುತ್ತೆ ಅಂತ ಒಂದೇ ಹಾಳೆಯಲ್ಲಿ, ಅವರಿಗೆ ತಿಳಿಯೋ ಭಾಷೇಲಿ ಕೊಡಬೇಕು.

ಚಿಕ್ಕಮ್ಮ: ಹಾಳೆ ಕೊಡ್ತಾರೆ, ಇಲ್ಲ ಅನ್ನಲ್ಲ. ಸಾಲ ಕೈಗೆ ಬರೋ ದಿನ ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಅವಸರದಲ್ಲಿ ಕೊಡ್ತಾರೆ. ಒಂದು ವಾರ ಮುಂಚೆ ಕೊಟ್ಟರೆ ಮನೇಲಿ ಓದೋ ಮಕ್ಕಳ ಕೈಲಾದರೂ ಓದಿಸಬಹುದು.

ಮಗ: ಅದನ್ನ ಮಾಡಬಹುದು. ಕಷ್ಟ ಏನಿಲ್ಲ.

ಚಿಕ್ಕಮ್ಮ: ಈಗ ನಾನು ಒಂದು ಮನೆ ಲೆಕ್ಕ ಹೇಳ್ತೀನಿ. ಹೆಸರು ಬೇಡ. ಗಂಡ ಗಾರೆ ಕೆಲಸ, ಎರಡು ಹಸು, ಮಗಳು ಪಿಯುಸಿ. ಹಸು ಹಾಲು ಕೊಡೋ ತಿಂಗಳು ಒಟ್ಟು ಹದಿನೈದು ಸಾವಿರ ಮನೆಗೆ ಬರುತ್ತೆ. ಮೊದಲನೇ ಸಾಲ ಹಸುವಿಗೇ, ಕಂತು 2,115. ಒಳ್ಳೇ ಸಾಲ, ನಾನೇ ತಗೋ ಅಂದಿದ್ದೆ. ಡೈರಿ ಬಟವಾಡೆಯಲ್ಲಿ ಕಂತು ಹೋಗಿ ಮೇಲೂ ಉಳೀತಿತ್ತು. ಎರಡನೇದು ಬೇರೆ ಕಂಪನಿ, ಮನೆ ಮೇಲೆ ಶೀಟ್ ಹಾಕಿಸೋಕೆ, ಕಂತು 1,900. ಮೂರನೇದು ಗಂಡ ಸಾರುವೆಯಿಂದ ಬಿದ್ದು ಕಾಲು ಮುರಿದಾಗ, 2,400. ಆ ಹೊತ್ತಿಗೆ ತಿಂಗಳಿಗೆ 6,415 ಕಟ್ಟಬೇಕಾಯಿತು. ಹದಿನೈದು ಸಾವಿರದ ಅರ್ಧದ ಒಳಗೇ ಇದೆ, ನಿಮ್ಮ ನಿಯಮಕ್ಕೆ ಸರಿ.

ಮಗ: ಹೌದು. ಮನೆಯವರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. 2022ರ ಏಪ್ರಿಲಿಂದ ಬಂದ ನಿಯಮ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯ ಇರೋ ಮನೆಗೆ, ಅಡಮಾನ ಇಲ್ಲದೆ ಕೊಡೋ ಸಾಲವೇ ಮೈಕ್ರೋಫೈನಾನ್ಸ್ ಸಾಲ ಅಂತ ಅಲ್ಲೇ ಹೇಳಿದ್ದಾರೆ.

ಚಿಕ್ಕಮ್ಮ: ಕೇಳು ಇನ್ನೂ. ಆಮೇಲೆ ನಾಲ್ಕನೇ ಕಂಪನಿ ಬಂತು. "ಆದಾಯ ಎಷ್ಟು ಬರೀಲಿ ಅಕ್ಕ, ಇಪ್ಪತ್ತು ಸಾವಿರ ಹಾಕಲಾ?" ಅಂದರು. ಇವಳು ಹೂಂ ಅಂದಳು. ಕಂತು 2,300. ಈಗ ಒಟ್ಟು 8,715. ಇಪ್ಪತ್ತು ಸಾವಿರದ ಅರ್ಧಕ್ಕಿಂತ ಕಮ್ಮಿ, ಕಾಗದದಲ್ಲಿ ಅದೂ ಸರಿ. ಆ ನಾಲ್ಕನೇ ಸಾಲದ ದುಡ್ಡಲ್ಲಿ ಏನು ಮಾಡಿದಳು ಗೊತ್ತಾ? ಮೊದಲ ಮೂರರ ಬಾಕಿ ಕಂತು ಕಟ್ಟಿದಳು. ಅಷ್ಟೊತ್ತಿಗೆ ಒಂದು ಹಸು ಗಬ್ಬ ಆಗಿ ಹಾಲು ಬತ್ತಿತ್ತು. ಇನ್ನೊಂದು ಅರ್ಧಕ್ಕರ್ಧ ಕೊಡ್ತಿತ್ತು. ಆ ತಿಂಗಳು ಮನೆಗೆ ಬಂದದ್ದು ಒಂಬತ್ತು ಸಾವಿರ. ಒಂಬತ್ತು ಸಾವಿರದಲ್ಲಿ 8,715 ಕಂತು. ಸಂಘದ ಸಾಲದ ಕಂತು ಅದರ ಮೇಲೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದರೆ ಅಡುಗೆ ಎಣ್ಣೆ, ಬೇಳೆ. ಬರದಿದ್ದರೆ ಅಕ್ಕಿ ಒಂದೇ.

ಮಗ: ನಾಲ್ಕನೇದು ಕೊಡಬಾರದಿತ್ತು.

ಚಿಕ್ಕಮ್ಮ: ಕೊಟ್ಟವನಿಗೆ ಯಾಕೆ ಕೊಡಬಾರದು ಅಂತ ಅನ್ನಿಸಲಿಲ್ಲ? ಕಂತು ಸರಿಯಾಗಿ ಬರ್ತಿತ್ತಲ್ಲ! ಒಂದು ದಿನ ತಪ್ಪಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಅವಳು ಬಹಳ ಒಳ್ಳೇ ಗಿರಾಕಿ. ಕಂತು ಬಂತಾ ಅಂತ ಕೇಳ್ತೀರಿ, ಎಲ್ಲಿಂದ ಬಂತು ಅಂತ ಕೇಳಲ್ಲ. ಹಾಲಿಂದ ಬಂದ ಕಂತಿಗೂ, ಇನ್ನೊಂದು ಸಾಲದಿಂದ ಬಂದ ಕಂತಿಗೂ ನಿಮ್ಮ ಪುಸ್ತಕದಲ್ಲಿ ಒಂದೇ ಬಣ್ಣ.

ಮಗ: ನಾವು ಸಿಬಿಲ್ ನೋಡ್ತೀವಿ ಚಿಕ್ಕಮ್ಮ. ಯಾವ ಕಂಪನೀಲಿ ಎಷ್ಟು ಸಾಲ ಇದೆ ಅನ್ನೋದು ಅದರಲ್ಲಿ ಬರುತ್ತೆ. ಈಗ ಹದಿನೈದು ದಿನಕ್ಕೊಮ್ಮೆಯಾದರೂ ಎಲ್ಲರೂ ಮಾಹಿತಿ ಕಳಿಸಲೇಬೇಕು. ನಮ್ಮ ಕಂಪನಿಗಳ ಕೂಟ ಎಂಫಿನ್ ಅಂತ ಇದೆ, ಅದರವರೂ ಕಟ್ಟು ಹಾಕಿಕೊಂಡಿದ್ದಾರೆ. ಮೊದಲು ಒಬ್ಬರಿಗೆ ನಾಲ್ಕು ಕಂಪನಿವರೆಗೆ ಅಂತ ಇತ್ತು, 2025ರಿಂದ ಮೂರೇ. ಎಲ್ಲ ಸೇರಿ ಎರಡು ಲಕ್ಷ ಮೀರಬಾರದು.

ಚಿಕ್ಕಮ್ಮ: ಒಳ್ಳೇದೇ. ಆದರೆ ಸೇಟು ಅಂಗಡೀಲಿ ಗಿರವಿ ಇಟ್ಟ ಓಲೆ ಸಿಬಿಲಲ್ಲಿ ಬರುತ್ತಾ? ಕೈಸಾಲ? ನಮ್ಮ ಸಂಘದ ಒಳಗೆ ಯಾರಿಗೆ ಎಷ್ಟು ಕೊಟ್ಟಿದ್ದೀವಿ ಅನ್ನೋದು ನನ್ನ ಪುಸ್ತಕದಲ್ಲಿದೆ, ನಿನ್ನ ಮೊಬೈಲಲ್ಲಿಲ್ಲ. ಹಸು ಯಾವ ತಿಂಗಳು ಕರು ಹಾಕುತ್ತೆ ಅನ್ನೋದಂತೂ ಯಾರ ಪುಸ್ತಕದಲ್ಲೂ ಇಲ್ಲ, ಮನೆಗೆ ಹೋಗಿ ಕೊಟ್ಟಿಗೆ ನೋಡಬೇಕು.

(ಇಲ್ಲಿ ನನ್ನದೊಂದು ಮಾತು. ಅರ್ಧ ಆದಾಯ ಎಂಬ ಮಿತಿ ಕೇಳಲು ಭದ್ರವಾಗಿದೆ. ತಿಂಗಳಿಗೆ ಇಪ್ಪತ್ತೈದು ಸಾವಿರ ಬರುವ ಮನೆಯಲ್ಲಿ ಅರ್ಧ ಕಂತಿಗೆ ಹೋದರೂ ಹನ್ನೆರಡೂವರೆ ಸಾವಿರ ಉಳಿಯುತ್ತದೆ. ಹತ್ತು ಸಾವಿರದ ಮನೆಯಲ್ಲಿ ಉಳಿಯುವುದು ಐದು ಸಾವಿರ. ಊಟ, ಔಷಧಿ, ಬಸ್ ಚಾರ್ಜಿನ ಖರ್ಚು ಆದಾಯದ ಜೊತೆ ಅಷ್ಟೇ ಇಳಿಯುವುದಿಲ್ಲ. ಮನೆ ಬಡವಾದಷ್ಟೂ ಈ ಮಿತಿ ಕೆಳಗಿಳಿಯಬೇಕು. ನಿಯಮ ಹೇಳುವುದು ಗರಿಷ್ಠ ಎಷ್ಟು ಎಂಬುದನ್ನು. ಅದಕ್ಕಿಂತ ಕಡಿಮೆಗೆ ನಿಲ್ಲಿಸಬಾರದೆಂದು ಯಾವ ಕಂಪನಿಗೂ ಯಾರೂ ಹೇಳಿಲ್ಲ.)

ಮಗ: ಕೊಟ್ಟಿಗೆ ನೋಡೋಕೆ ನಮ್ಮ ಹುಡುಗರಿಗೆ ಪುರುಸೊತ್ತೆಲ್ಲಿದೆ? ನಾನು ಫೀಲ್ಡಲ್ಲಿದ್ದಾಗ ನನ್ನ ಕೈಲಿ ಐನೂರಕ್ಕೂ ಮೇಲೆ ಮನೆ. ಬೆಳಗ್ಗೆ ಸಾಲ ತಗೊಂಡ ಹೆಂಗಸರು ಕೂಡೋ ಸೆಂಟರ್ ಮೀಟಿಂಗ್ ಒಂದರ ಹಿಂದೆ ಒಂದು, ಮಧ್ಯಾಹ್ನ ದುಡ್ಡು ಬ್ಯಾಂಕಿಗೆ, ಸಂಜೆ ಹೊಸ ಸಾಲದ ಅರ್ಜಿ. ಕಂತು ಒಂದು ಕಮ್ಮಿ ಬಿದ್ದರೆ ರಾತ್ರಿ ಕಾಲ್‌ನಲ್ಲಿ ಎಲ್ಲರ ಮುಂದೆ ಬೈಗುಳ. ಎಷ್ಟೋ ಸಲ ಕೈಯಿಂದ ಹಾಕಿ ಕಟ್ಟಿದ್ದೀನಿ. ಆ ಹುಡುಗರೂ ಹಳ್ಳಿಯವರೇ ಚಿಕ್ಕಮ್ಮ, ಅವರ ಅಮ್ಮಂದಿರೂ ಎಲ್ಲೋ ಒಂದು ಸೆಂಟರಲ್ಲಿ ಕಂತು ಕಟ್ಟೋರೇ.

ಚಿಕ್ಕಮ್ಮ: ಗೊತ್ತು. ಅದಕ್ಕೇ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಇನ್ಸೆಂಟಿವ್ ಯಾವುದಕ್ಕೆ ಕೊಡ್ತೀರಿ?

ಮಗ: ಎಷ್ಟು ಹೊಸ ಸಾಲ ಕೊಟ್ಟರು, ವಸೂಲಿ ಎಷ್ಟು ಆಯಿತು. ಮುಖ್ಯವಾಗಿ ಅವೆರಡೇ.

ಚಿಕ್ಕಮ್ಮ: "ಈ ಮನೆಗೆ ಈಗ ಸಾಲ ಬೇಡ" ಅಂತ ಬರೆದು ಬಂದ ಹುಡುಗನಿಗೆ ಏನು ಸಿಗುತ್ತೆ?

ಮಗ: ಏನೂ ಇಲ್ಲ. ಟಾರ್ಗೆಟ್ಟಲ್ಲಿ ಹಿಂದೆ ಬೀಳ್ತಾನೆ.

ಚಿಕ್ಕಮ್ಮ: ಮೊದಲು ಅದನ್ನ ಸರಿ ಮಾಡಿ. ಬೇಡ ಅಂದು ಬರೋದೂ ಕೆಲಸವೇ. ನಮ್ಮ ಸಂಘದಲ್ಲಿ ಅದನ್ನ ಹದಿನೈದು ಜನರ ಎದುರಿಗೇ ಮಾಡ್ತೀವಿ. "ನಿಂಗೆ ಈ ಸಲ ಬೇಡ ಕಣಮ್ಮಿ, ಹೋದ ಸಲದ್ದೇ ಬಾಕಿ ಇದೆ" ಅಂತ ಪಕ್ಕದ ಮನೆಯವಳೇ ಹೇಳ್ತಾಳೆ. ಮನಸ್ಸಿಗೆ ನೋವಾಗುತ್ತೆ, ಆದರೆ ಮನೆ ಉಳಿಯುತ್ತೆ.

ಮಗ: ನಿಮ್ಮ ಸಂಘದ ಕಥೆ ನನಗೂ ಗೊತ್ತು. ಬ್ಯಾಂಕ್ ಸಂಘಕ್ಕೆ ಕೊಡೋ ಲಿಂಕೇಜ್ ಸಾಲಕ್ಕೆ ಎಷ್ಟು ತಿಂಗಳು ಓಡಾಡಿದ್ದೀರಿ? ಮ್ಯಾನೇಜರ್ ವರ್ಗ ಆದ, ಫೈಲ್ ಮತ್ತೆ ಶುರು. ದುಡ್ಡು ಬಂದರೂ ಎಲ್ಲರಿಗೂ ಸಮವಾಗಿ ಹಂಚ್ತೀರಿ. ಹಸು ತಗೋಬೇಕಾದವಳಿಗೂ ಅಷ್ಟೇ, ಬೇಡದವಳಿಗೂ ಅಷ್ಟೇ. ಇನ್ನು ಕೂಲಿಗೆ ಗುಳೆ ಹೋಗೋ ಮನೆಯವಳು ವಾರದ ಮೀಟಿಂಗಿಗೆ ಬರೋಕಾಗಲ್ಲ ಅಂತ ಅವಳನ್ನ ಸಂಘಕ್ಕೇ ಸೇರಿಸಿಕೊಂಡಿರಲ್ಲ. ನಾವು ಅಂಥವರ ಬಾಗಿಲಿಗೆ ಹೋಗ್ತೀವಿ.

ಚಿಕ್ಕಮ್ಮ: ಅದು ನಿಜ, ಮುಚ್ಚಿಡಲ್ಲ. ಆದರೆ ಸಂಘ ಹೇಗೆ ಹುಟ್ಟಿತು ನೆನಪಿಡು. ಎಚ್.ಡಿ. ಕೋಟೆ, ಕೊಳ್ಳೇಗಾಲ ಕಡೆ ಮೈರಾಡ ಅನ್ನೋ ಸಂಸ್ಥೆಯವರು ಎಂಬತ್ತರ ದಶಕದಲ್ಲೇ ಹೆಂಗಸರನ್ನ ಕೂರಿಸಿ ಉಳಿತಾಯ ಕಲಿಸಿದರು. ಸಾಲ ಆಮೇಲೆ. 1987ರಲ್ಲಿ ನಬಾರ್ಡ್ ಅವರಿಗೆ ಹತ್ತು ಲಕ್ಷ ಕೊಟ್ಟು ಇದು ನಡೆಯುತ್ತಾ ನೋಡಿ ಅಂತು. 1992ರಲ್ಲಿ ದೇಶಕ್ಕೆಲ್ಲ ಸೇರಿ ಐನೂರು ಸಂಘ ಅಂತ ಗುರಿ ಇಟ್ಟು ಬ್ಯಾಂಕಿಗೆ ಜೋಡಿಸೋಕೆ ಹೊರಟರು. ಬರೀ ಐನೂರು! ನೀನು ಒಂದು ಹೋಬಳೀಲಿ ಒಂದು ವರ್ಷಕ್ಕೆ ಸಾವಿರದ ಇನ್ನೂರು ಮನೆ ಅಂತೀಯ. ನಿಧಾನ ಅಂದ್ಯಲ್ಲ, ಆ ನಿಧಾನದಲ್ಲಿ ಒಬ್ಬರಿಗೊಬ್ಬರು ಗೊತ್ತಾಗಿದ್ದರು. ಕೈಲಿ ನಾಲ್ಕು ಕಾಸು ಉಳಿತಾಯ ಇತ್ತು. ಕಾಲು ಮುರಿದಾಗ ಮೊದಲು ಉಳಿತಾಯಕ್ಕೆ ಕೈ ಹಾಕ್ತಿದ್ದರು, ಸಾಲಕ್ಕಲ್ಲ.

ಮಗ: ನಮ್ಮಂಥ ಕಂಪನಿ ಜನರಿಂದ ಠೇವಣಿ ತಗೊಳ್ಳೋ ಹಾಗಿಲ್ಲ. ಅದು ಕಾನೂನು. ಅದಕ್ಕೇ 2015ರಲ್ಲಿ ಹತ್ತು ಸಂಸ್ಥೆಗೆ ಸಣ್ಣ ಹಣಕಾಸು ಬ್ಯಾಂಕ್ ಆಗೋಕೆ ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಎಂಟು ಮೈಕ್ರೋಫೈನಾನ್ಸ್‌ನವೇ. ಬೆಂಗಳೂರಿನ ಉಜ್ಜೀವನ್, ಜನಲಕ್ಷ್ಮಿ ಎರಡೂ ಇದ್ದವು.

ಚಿಕ್ಕಮ್ಮ: ಠೇವಣಿ ತಗೊಳ್ಳೋಕೆ ಆಗದಿದ್ದರೆ ಬಿಡು. ಉಳಿತಾಯ ಇರೋ ಮನೆಯಾ, ಇಲ್ಲವಾ ಅಂತ ನೋಡೋಕೆ ಏನು ಅಡ್ಡಿ? ಪೋಸ್ಟ್ ಆಫೀಸಿನ ಪುಸ್ತಕ ಆಗಲಿ, ಸಂಘದ್ದಾಗಲಿ.

ಮಗ: ಸರಿ. ಆದರೆ ನೀವೆಲ್ಲ ಸೇರಿ ಕಂಪನಿಗಳೇ ಬೇಡ ಅಂತ ಓಡಿಸಿದರೆ ಏನಾಗುತ್ತೆ, ಅದನ್ನೂ ನೋಡಿದ್ದೀವಿ. 2010ರ ಅಕ್ಟೋಬರಲ್ಲಿ ಆಂಧ್ರ ಸರ್ಕಾರ ನಮ್ಮಂಥ ಕಂಪನಿಗಳಿಗೆ ಕಡಿವಾಣ ಹಾಕೋಕೆ ಸುಗ್ರೀವಾಜ್ಞೆ ತಂತು. ಅಲ್ಲಿ ಆತ್ಮಹತ್ಯೆಗಳ ಸುದ್ದಿ ಬಂದಿತ್ತು, ಸಾಲ ಮಿತಿ ಮೀರಿತ್ತು, ಅದು ಸುಳ್ಳಲ್ಲ. ಕಂತು ಕಟ್ಟೋದೇ ನಿಂತುಹೋಯಿತು. ಆಂಧ್ರದಲ್ಲಿ ದುಡ್ಡು ಮುಳುಗಿದ ಕಂಪನಿಗಳಿಗೆ ಬೇರೆ ರಾಜ್ಯಗಳಲ್ಲೂ ಸಾಲ ಕೊಡೋಕೆ ದುಡ್ಡಿಲ್ಲ. ಅದನ್ನ ಎಮಿಲಿ ಬ್ರೆಜಾ, ಸಿಂಥಿಯಾ ಕಿನ್ನನ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆಂಧ್ರದ ಹೊರಗಿನ ಜಿಲ್ಲೆಗಳಲ್ಲಿ, ಆ ಕಂಪನಿಗಳೇ ಹೆಚ್ಚಾಗಿದ್ದ ಕಡೆ, ಹಳ್ಳಿ ಕೂಲಿ ದರವೇ ಇಳೀತು. ಸಾಲ ಪಡೆಯದ ಕೂಲಿಯವನಿಗೂ ಪೆಟ್ಟು. ಸಾಲ ತಗೊಂಡು ನಾಲ್ಕು ಜನಕ್ಕೆ ಕೆಲಸ ಕೊಡ್ತಿದ್ದವರು ನಿಲ್ಲಿಸಿದರು ನೋಡು, ಅದಕ್ಕೆ.

ಚಿಕ್ಕಮ್ಮ: ನಾನು ಓಡಿಸಿ ಅನ್ನಲಿಲ್ಲವಲ್ಲ. ಆಂಧ್ರಕ್ಕೆ ಯಾಕೆ ಹೋಗ್ತೀಯ, ಅದಕ್ಕೂ ಒಂದು ವರ್ಷ ಮುಂಚೆ, 2009ರಲ್ಲಿ, ಕೋಲಾರ, ರಾಮನಗರ, ನಮ್ಮ ಮೈಸೂರು ಕಡೆಯೂ ಕಂತು ನಿಂತಿತ್ತು. ರೇಷ್ಮೆ ನೂಲು ಬಿಚ್ಚಾಣಿಕೆ ಮನೆಗಳು, ದಿನಗೂಲಿ ಮನೆಗಳು. ರೇಷ್ಮೆ ವ್ಯಾಪಾರ ಕುಸೀತು, ಒಂದೊಂದು ಮನೇಲಿ ಮೂರು ನಾಲ್ಕು ಕಂಪನಿ ಸಾಲ ಇತ್ತು. ಕೋಲಾರದಲ್ಲಿ ಮುಸ್ಲಿಂ ಸಮುದಾಯದ ಅಂಜುಮನ್‌ನವರು ಕಟ್ಟಬೇಡಿ ಅಂದರು, ನಿಂತೇ ಹೋಯಿತು. ಕೆಟ್ಟ ಕಾಲ ಬಂದರೆ ಹಾಗೆ ಆಗುತ್ತೆ ಅಂತ ಆವತ್ತೇ ಗೊತ್ತಾಗಿತ್ತು. ಹದಿನೈದು ವರ್ಷ ದಾಟಿದ ಮೇಲೆ, 2025ರ ಜನವರೀಲಿ, ಚಾಮರಾಜನಗರದ ಹಳ್ಳಿಗಳಲ್ಲಿ ಜನ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿ ಕಡೆ ಹೆಂಗಸರು ತಾಳಿ ಬಿಚ್ಚಿ ಮುಖ್ಯಮಂತ್ರಿಗೆ ಅಂಚೇಲಿ ಕಳಿಸಿದರು. ತಾಳಿ ಬಿಚ್ಚೋದು ಅಂದರೆ ಏನು ಅಂತ ನಿಂಗೆ ಹೇಳಬೇಕಾ?

ಮಗ: ಅದರಲ್ಲಿ ನೋಂದಣಿಯೇ ಇಲ್ಲದ ಬಡ್ಡಿಯವರು ಬಹಳ ಇದ್ದರು. ಎಲ್ಲದಕ್ಕೂ ಮೈಕ್ರೋಫೈನಾನ್ಸ್ ಅಂತ ಒಂದೇ ಹೆಸರಾಯಿತು.

ಚಿಕ್ಕಮ್ಮ: ಇದ್ದರು. ಆದರೆ ನೋಂದಣಿ ಇದ್ದವರ ಕಂತು ಕಟ್ಟೋಕೇ ಆ ಬಡ್ಡಿಯವರ ಹತ್ತಿರ ಹೋದವರೂ ಇದ್ದರು. ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ಪಕ್ಕದ ಬೀದೀಲಿ ಒಂದು ಸೆಂಟರ್. ಒಬ್ಬಳು ಕಂತು ತಂದಿಲ್ಲ. ಉಳಿದ ಒಂಬತ್ತು ಜನರನ್ನ ಎದ್ದು ಹೋಗೋಕೆ ಬಿಡಲಿಲ್ಲ. ಮಗು ಹಾಲಿಗೆ ಅಳ್ತಿದೆ ಅಂದರೂ ಬಿಡಲಿಲ್ಲ. ಮಧ್ಯಾಹ್ನ ಆಯಿತು. ಕೊನೆಗೆ ಅವರೇ ತಲಾ ಇಷ್ಟು ಅಂತ ಹಾಕಿ ಕಟ್ಟಿದರು. ಆವತ್ತಿಂದ ಅವಳ ಜೊತೆ ಯಾರೂ ಮಾತಾಡಲ್ಲ, ನಲ್ಲಿ ಹತ್ತಿರ ಬಂದರೆ ಎದ್ದು ಹೋಗ್ತಾರೆ. ಬೈದವರು ಯಾರೂ ಇಲ್ಲ, ಹೊಡೆದವರಿಲ್ಲ. ಕಂಪನಿ ಲೆಕ್ಕದಲ್ಲಿ ನೂರಕ್ಕೆ ನೂರು ವಸೂಲಿ.

ಮಗ: ಅದು ನಿಯಮಕ್ಕೆ ವಿರುದ್ಧ. ಒಪ್ಪಿಕೊಂಡ ಜಾಗದಲ್ಲೇ ವಸೂಲಿ ಮಾಡಬೇಕು, ಎರಡು ಸಲ ಮೇಲಿಂದ ಮೇಲೆ ಬರದೇ ಹೋದರೆ ಮಾತ್ರ ಮನೆಗೆ ಹೋಗಬಹುದು. ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಕೂಡದು. ಈಗ ರಾಜ್ಯದ ಕಾನೂನೂ ಬಂದಿದೆ. 2025ರ ಫೆಬ್ರವರೀಲಿ ರಾಜ್ಯಪಾಲರು ಸುಗ್ರೀವಾಜ್ಞೆಯನ್ನ ಒಂದು ಸಲ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರಲ್ಲ. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಚಿಕ್ಕಮ್ಮ: ಇರಲಿ, ಬೇಕಾಗಿತ್ತು. ಆದರೆ ಅದು ವಸೂಲಿ ದಿನದ ಕಾನೂನು. ತೊಂದರೆ ಹುಟ್ಟೋದು ಸಾಲ ಕೊಡೋ ದಿನ. ನಾಲ್ಕನೇ ಸಾಲಕ್ಕೆ ಇಪ್ಪತ್ತು ಸಾವಿರ ಆದಾಯ ಅಂತ ಬರೆದ ದಿನ ಅಲ್ಲಿ ಪೊಲೀಸರೂ ಇರಲಿಲ್ಲ, ನಾನೂ ಇರಲಿಲ್ಲ. ಎಲ್ಲರೂ ನಗ್ತಾ ಇದ್ದರು.

ಮಗ: ಹಾಗಾದರೆ ನಾನು ಏನು ಮಾಡಲಿ ಹೇಳು. ಬ್ರ್ಯಾಂಚ್ ತೆರೀಬೇಡ ಅಂತೀಯಾ?

ಚಿಕ್ಕಮ್ಮ: ತೆರಿ. ನೀನು ತೆರೀದಿದ್ದರೆ ನಿನಗಿಂತ ಕೆಟ್ಟವರು ತೆರೀತಾರೆ. ಹಸುವಿಗೆ ಸಾಲ ಕೊಡ್ತೀಯಾ, ಆ ಹಸು ಹಾಲು ಕೊಡೋ ತಿಂಗಳಲ್ಲಿ ಕಂತು ಜಾಸ್ತಿ ಇಡು, ಬತ್ತೋ ಎರಡು ತಿಂಗಳು ಬಡ್ಡಿ ಮಾತ್ರ ತಗೋ. ಜೋಳದ ಮನೆಗೆ ಜೋಳ ಮಾರಿದ ಮೇಲೆ ದೊಡ್ಡ ಕಂತು ಇಡು. ಹೊಸದಾಗಿ ಟೈಲರಿಂಗ್ ಮೆಷಿನ್ ತಗೊಂಡವಳಿಗೆ ನಾಲ್ಕು ಗಿರಾಕಿ ಬರೋವರೆಗಾದರೂ ಬಿಡುವು ಕೊಡು. ಸಾಲ ಕೊಟ್ಟ ಹದಿನೈದನೇ ದಿನಕ್ಕೇ ಕಂತು ಕೇಳಿದರೆ, ಅವಳು ಸಾಲದ ದುಡ್ಡಲ್ಲೇ ಒಂದಿಷ್ಟು ಕಂತಿಗೆ ಅಂತ ತೆಗೆದಿಡ್ತಾಳೆ. ಹೊಸ ಮೆಷಿನ್ ಬದಲು ಸೆಕೆಂಡ್ ಹ್ಯಾಂಡ್ ತರ್ತಾಳೆ.

ಮಗ: ಕೊಲ್ಕತ್ತಾದಲ್ಲಿ ಇದನ್ನ ಮಾಡಿ ನೋಡಿದ್ದಾರೆ. ಕೆಲವರಿಗೆ ಎರಡು ವಾರಕ್ಕೆ ಕಂತು ಶುರು, ಕೆಲವರಿಗೆ ಎರಡು ತಿಂಗಳು ಬಿಟ್ಟು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ದುಡ್ಡು ಹಾಕಿದರು, ಮೂರು ವರ್ಷ ಆದಮೇಲೆ ಅವರ ಲಾಭ ಬೇರೆಯವರಿಗಿಂತ ಎಷ್ಟೋ ಹೆಚ್ಚಿತ್ತು. ಆದರೆ ಅದೇ ಗುಂಪಲ್ಲಿ ಕಂತು ತಪ್ಪಿಸಿದವರೂ ಹೆಚ್ಚು. ಅಲ್ಲೇ ನಮ್ಮ ಮೇಲಿನವರು ಹೆದರೋದು. ವ್ಯಾಪಾರ ಮಾಡಿದರೆ ಲಾಭವೂ ಬರಬಹುದು, ನಷ್ಟವೂ ಬರಬಹುದು. ನಮಗೆ ಲಾಭದಲ್ಲಿ ಪಾಲಿಲ್ಲ, ನಷ್ಟದಲ್ಲಿ ಇದೆ.

ಚಿಕ್ಕಮ್ಮ: ಅದು ನ್ಯಾಯವಾದ ಮಾತು. ಬಿಡುವು ಕೊಟ್ಟಿದ್ದಕ್ಕೆ ಶೇಕಡ ಒಂದು ಹೆಚ್ಚು ಬಡ್ಡಿ ತಗೋ, ಹಾಗಂತ ಬಾಯಿಬಿಟ್ಟು ಹೇಳಿ ತಗೋ. ನಮ್ಮ ಹೆಂಗಸರು ಒಪ್ತಾರೆ. ಕಮ್ಮಿ ಬಡ್ಡೀಲಿ ಕುತ್ತಿಗೆ ಹಿಸುಕೋದಕ್ಕಿಂತ ಅದು ವಾಸಿ.

ಮಗ: ಆ ನಾಲ್ಕು ಸಾಲದ ಮನೆ ಲೆಕ್ಕ ನೋಡಿದರೆ, ಮೂರನೇ ಕಂಪನಿಯಾಗಿ ಎಲ್ಲೂ ಹೋಗಬೇಡ ಅಂತಲೇ ನಿನ್ನ ಮಾತಿನ ಅರ್ಥ. ಎರಡು ಸಾಲ ಇರೋ ಮನೆ ಬಿಟ್ಟರೆ, ಹೋಬಳೀಲಿ ನನಗೆ ಎಷ್ಟು ಮನೆ ಸಿಗುತ್ತೆ?

ಚಿಕ್ಕಮ್ಮ: ಯಾವ ಸಾಲವೂ ಇಲ್ಲದೆ ಸೇಟು ಅಂಗಡೀಲೇ ಒದ್ದಾಡ್ತಿರೋ ಮನೆಗಳು ಇವೆ. ಸಂಘಕ್ಕೆ ಸೇರದವರು, ಗುಳೆ ಹೋಗೋರು, ಈಗಷ್ಟೇ ನೀನೇ ಹೇಳಿದೆಯಲ್ಲ. ಅಲ್ಲಿಂದ ಶುರು ಮಾಡು. ಹದಿನೈದು ಇಪ್ಪತ್ತು ಸಾವಿರದ ಮೊದಲ ಸಾಲ. ಅವರ ಹತ್ತಿರ ಓಡಾಡೋಕೆ ಪೆಟ್ರೋಲು ಜಾಸ್ತಿ, ಲಾಭ ಕಮ್ಮಿ. ಅದಕ್ಕೇ ಯಾರೂ ಅಲ್ಲಿಗೆ ಹೋಗಲ್ಲ, ಎಲ್ಲರೂ ಆಗಲೇ ಸಾಲ ಇರೋ ಬೀದಿಗೇ ಬರ್ತಾರೆ.

ಮಗ: ಮೊದಲ ವರ್ಷ ಇನ್ನೂರು, ಇನ್ನೂರೈವತ್ತು ಮನೆ ಆದರೆ ಹೆಚ್ಚು. ಒಬ್ಬ ಹುಡುಗನ ಕೈಲಿ ಇನ್ನೂರರ ಮೇಲೆ ಮನೆ ಬೇಡ ಅಂತಲೂ ಕೇಳಬೇಕು. ಏರಿಯಾ ಮ್ಯಾನೇಜರ್ ಒಪ್ಪೋದು ಕಷ್ಟ. ಬ್ರ್ಯಾಂಚ್ ಮೂರು ವರ್ಷ ನಷ್ಟದಲ್ಲೇ ನಡೀಬೇಕಾಗುತ್ತೆ ಅಂತ ಬರೆದು ಕೊಡಬೇಕು.

ಚಿಕ್ಕಮ್ಮ: ಬರೆದು ಕೊಡು. ನಾಲ್ಕನೇ ವರ್ಷ ಕಂತು ನಿಂತುಹೋಗಿ ಆಗೋ ನಷ್ಟ ಎಷ್ಟು ಅಂತಲೂ ಅದರ ಪಕ್ಕದಲ್ಲೇ ಬರಿ. 2009 ನೋಡಿದವರು ಹೆಡ್ ಆಫೀಸಲ್ಲಿ ಯಾರಾದರೂ ಇರ್ತಾರೆ, ಅವರಿಗೆ ತಿಳಿಯುತ್ತೆ.

ಮಗ: ಪಟ್ಟಿ?

ಚಿಕ್ಕಮ್ಮ: ಪಟ್ಟಿ ಕೊಡಲ್ಲ. ಒಕ್ಕೂಟದ ಮಾಸಿಕ ಸಭೆಗೆ ಬಾ. ಬಡ್ಡಿ, ಫೀ, ಒಟ್ಟು ಎಷ್ಟು ಅನ್ನೋದನ್ನ ಬೋರ್ಡಲ್ಲಿ ಬರೆದು ಎಲ್ಲರಿಗೂ ಹೇಳು, ಬತ್ತಿದ ಹಸುವಿನ ಕಂತು ಹೇಗೆ ಅಂತಲೂ ಹೇಳು. ಬೇಕಾದವರು ಅವರೇ ನಿನ್ನ ಹತ್ತಿರ ಬರ್ತಾರೆ. ಆ ನಾಲ್ಕು ಸಾಲದ ಮನೆಯವಳೂ ಬರ್ತಾಳೆ, ಐದನೇದು ಕೇಳ್ತಾಳೆ. ಅವಳಿಗೆ ಸಾಲ ಕೊಡಬೇಡ. ನಾಲ್ಕು ಕಂಪನಿಯವರನ್ನೂ ಒಂದು ಕಡೆ ಕೂರಿಸಿ ಅವಳ ಕಂತಿನ ಅವಧಿ ಹೆಚ್ಚಿಸೋಕೆ ಆಗುತ್ತಾ ನೋಡು. ನೀನು ಕರೆದರೆ ಬರ್ತಾರೆ, ನಾನು ಕರೆದರೆ ಬರಲ್ಲ.

ಮಗ: ಇಬ್ಬರು ನನ್ನ ಜೊತೆ ಟ್ರೈನಿಂಗಲ್ಲಿ ಇದ್ದವರೇ. ನಾಳೆ ಫೋನ್ ಮಾಡ್ತೀನಿ. ಅವಳ ನಾಲ್ಕೂ ಸಾಲದ ಪಾಸ್‌ಬುಕ್ ತಂದಿಡೋಕೆ ಹೇಳು.